ಕಾಮ್ರೇಡ್ ಮನೆಯ ಲೋಟ

ಸಂಡೂರಿನ ಗಣಿ ಕೂಲಿಗಳಿಗಾಗಿ ಹೋರಾಡುತ್ತ, ಕ್ರಾಂತಿಯ ಬಗ್ಗೆ ಬರೆಯುತ್ತ ಬದುಕಿದ ಕಾಮ್ರೇಡ್ ಮೂಕಪ್ಪ ತೀರಿಹೋಗಿ ಮೂರು ವರ್ಷ. ಅವರ ಜೀವನಚರಿತ್ರೆ ಬರೆಯಬೇಕೆಂದು ಹೋದ ತಿಂಗಳು ವಡ್ಡು ಗ್ರಾಮದ ಅವರ ಮನೆಗೆ ಹೋಗಿದ್ದೆ. ನಾನು ದೆವ್ವಗಿವ್ವ ನಂಬುವವಳಲ್ಲ. ನಡೆದದ್ದನ್ನಷ್ಟೇ ಹೇಳುತ್ತೇನೆ.

ಅವರ ಹೆಂಡತಿ ನಿಂಗಕ್ಕ ಚಹಾ ಕೊಟ್ಟರು. ಕುಡಿದು ಲೋಟ ತೊಳೆಯಲು ಎದ್ದೆ.

“ಬ್ಯಾಡವ್ವ, ಕಟ್ಟಿ ಮ್ಯಾಲೆ ಇಡು. ಅವರು ಸಣ್ಣೋರಿದ್ದಾಗ ಹೋಟೆಲ್‌ನ್ಯಾಗ ನಮ್ಮ ಮಂದಿ ಕುಡಿದ ಲೋಟ ನಮ್ಮ ಮಂದಿನೇ ತೊಳೀಬೇಕಿತ್ತು. ಅದಕ್ಕ ಈ ಮನಿಗೆ ಯಾರು ಬಂದ್ರೂ ಬಂದೋರ ಲೋಟ ನಮ್ಮ ಯಜಮಾನ್ರೇ ಬೂದಿ ಹಚ್ಚಿ ತಿಕ್ಕತಿದ್ರು. ನನ್ನ ಲೋಟನೂ ನನಗ ತೊಳ್ಯಾಕ ಬಿಡ್ತಿರಲಿಲ್ಲ.”

ಲೋಟವನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಬಂದೆ. ಮನೆಯಲ್ಲಿದ್ದ ನಾವಿಬ್ಬರೇ ಕೂತು ಮೂಕಪ್ಪನವರ ಪತ್ರಗಳನ್ನು ನೋಡತೊಡಗಿದೆವು. ಅಂಥ ಬಿಸಿಲಲ್ಲೂ ನನ್ನ ಪಾದಗಳು ತಣ್ಣಗಾದವು. ಒಳಗೆ ಚೊಂಬಿನಿಂದ ನೀರು ಸುರಿದ ಸದ್ದಾಯಿತು. ನಿಂಗಕ್ಕ ತಲೆಯೆತ್ತಲಿಲ್ಲ.

ಹೊರಡುವಾಗ ಅಡುಗೆಮನೆಗೆ ಇಣುಕಿದೆ. ಲೋಟ ಬೋರಲಾಗಿತ್ತು. ಎತ್ತಿದರೆ ಒದ್ದೆ. ಅಂಚಿಗೆ ಬೂದಿ ಅಂಟಿತ್ತು.

“ಬೂದಿ ಎಲ್ಲಿಂದ ಬಂತಮ್ಮ?”

“ಗೊತ್ತಿಲ್ಲವ್ವ. ಅವರು ತೀರಿಕೊಂಡ ವರ್ಷನೇ ಒಲಿ ಕಿತ್ತಿಸಿ ಗ್ಯಾಸ್ ತಗೊಂಡೀನಿ,” ಎಂದ ನಿಂಗಕ್ಕ, ತಾವು ಕುಡಿದ ಲೋಟವನ್ನೂ ತಂದು ಕಟ್ಟೆಯ ಮೇಲಿಟ್ಟರು.