ಪರೀಕ್ಷೆಯ ದಿನವೇ ನಿಲ್ಲುವ ಗಾಡಿ

ಎಂಟರ ನಟ್ಟನಡುವೆ ಗಾಡಿ ನಿಂತುಬಿಟ್ಟಿತು.

ಅದು ಡ್ರೈವಿಂಗ್ ಪರೀಕ್ಷೆಯ ಮೈದಾನ. ನೆಲದ ಮೇಲೆ ಸುಣ್ಣದಲ್ಲಿ ಬರೆದ ದೊಡ್ಡದೊಂದು ಎಂಟು. ಸ್ಟೀರಿಂಗ್ ಹಿಡಿದಿದ್ದ ದರ್ಜಿ ಹೆಂಗಸು ಕಕ್ಕಾಬಿಕ್ಕಿಯಾಗಿ ಪಕ್ಕಕ್ಕೆ ತಿರುಗಿದಳು. ಪಕ್ಕದಲ್ಲಿ ಕೂತಿದ್ದ ಟೀಚರಮ್ಮ ಹಲ್ಲು ಕಚ್ಚಿದಳು. ಎರಡು ತಿಂಗಳಲ್ಲಿ ಇದು ನಾಲ್ಕನೇ ಸಲ!

"ನಾನೇನೂ ಮಾಡಿಲ್ಲ ಮೇಡಂ!"

"ಗೊತ್ತು ಕಣಮ್ಮಾ. ಇಳಿ."

ಪರೀಕ್ಷಾಧಿಕಾರಿ ಕಡ್ಡಿ ಮುರಿದಂತೆ ಹೇಳಿದ: "ಮಧ್ಯಾಹ್ನ ಊಟದ ಹೊತ್ತಿಗೆ ಇದು ಓಡಬೇಕು. ಇಲ್ಲದಿದ್ರೆ ಇನ್ನು ಈ ಗಾಡಿ ನನ್ನ ಗೇಟು ದಾಟಬಾರದು."

ಡ್ರೈವಿಂಗ್ ಶಾಲೆಯ ಯಜಮಾನ ಟೀಚರಮ್ಮನ ಗಂಡನ ಅಣ್ಣ. ಅವನಾಗಲೇ ಗುಜರಿಯವನಿಗೆ ಫೋನ್ ಹಚ್ಚಿದ್ದ.

"ನೋಡಮ್ಮಾ, ಪಂಪು ಹೋಗಿದೆ. ದೊಡ್ಡ ಗ್ಯಾರೇಜಿನವರೇ ಹೇಳಿದ್ದಾರೆ. ಗಾಡಿ ಮಾರಿಬಿಡೋಣ. ಹೆಂಗಸರ ಬ್ಯಾಚೂ ಸಾಕು. ಕ್ಲಚ್ ಒತ್ತೋಕೆ ಬರದವರನ್ನ ಕೂರಿಸಿ ಕೂರಿಸಿ ಗಾಡಿ ಹಾಳಾಯ್ತು."

"ಡೀಸೆಲ್ ಬರದಿದ್ರೆ ಕ್ಲಚ್ ಏನು ಮಾಡುತ್ತೆ ಭಾವ?"

ಹೊಸ ಗಾಡಿ ಗಂಡಸರ ಬ್ಯಾಚಿಗೆ, ಈ ಹಳೇ ಡೀಸೆಲ್ ಗಾಡಿ ಹೆಂಗಸರಿಗೆ. ಹನ್ನೊಂದು ವರ್ಷ ಅವಳು ಕಲಿಸಿದ್ದು ಇದರಲ್ಲೇ. ಗಾಡಿ ಹೋದರೆ ಬ್ಯಾಚು ಹೋಯಿತು, ಬ್ಯಾಚಿನ ಜೊತೆ ಅವಳ ಕೆಲಸವೂ. ಭಾವನ ಮಾತಿಗೆ ಅವಳ ಮೈ ಉರಿದುಹೋಯಿತು. ಬಿಡುವುದಿಲ್ಲ ಅಂದುಕೊಂಡಳು. ಪಂಪು ನಿಜವಾಗಿ ಕೆಟ್ಟಿದ್ದರೆ ದಿನಾ ಕೈಕೊಡಬೇಕಿತ್ತಲ್ಲ? ಕಲಿಸುವ ದಿನಗಳಲ್ಲಿ ಸರಿಯಾಗಿ ಓಡುವ ಗಾಡಿಗೆ ಪರೀಕ್ಷೆಯ ದಿನವೇ ಏನಾಗುತ್ತದೆ?

ಅವಳು ಗಾಡಿಯ ಸುತ್ತ ಒಂದು ಸುತ್ತು ಬಂದಳು. ಟ್ಯಾಂಕಿನ ಬಾಯಿಯ ಕೆಳಗೆ, ಭಾವ ಆಸೆಪಟ್ಟು ಬರೆಸಿದ್ದ ಶಾಲೆಯ ಹೆಸರು ಹಳದಿ ಅಕ್ಷರಗಳಲ್ಲಿ ಫಳಫಳ ಹೊಳೆಯುತ್ತಿತ್ತು.

ಅಷ್ಟರಲ್ಲಿ ಮೆಕ್ಯಾನಿಕ್ ಗ್ರೀಸಣ್ಣ ಏದುಸಿರು ಬಿಡುತ್ತಾ ಬಂದ. ಚೀಲ ಕೆಳಗಿಟ್ಟವನೇ ಟ್ಯಾಂಕಿನ ಮುಚ್ಚಳಕ್ಕೆ ಕೈ ಹಾಕಿದ. ಟೀಚರಮ್ಮ ಅವನ ಮುಂಗೈ ಗಪ್ಪನೆ ಹಿಡಿದಳು.

"ಮುಟ್ಬೇಡಿ! ಮೊದಲು ಉತ್ತರ ಹೇಳಿ. ಮೊದಲನೇ ಸಲ ನಿಂತಾಗ ಏನು ಮಾಡಿದ್ರಿ?"

"ಫಿಲ್ಟರ್ ಬದಲಾಯಿಸಿದೆ. ಓಡ್ತು."

"ಅದಕ್ಕೂ ಮುಂಚೆ?"

"ಮುಂಚೆ... ಡೀಸೆಲ್ ಇದೆಯಾ ಅಂತ ಮುಚ್ಚಳ ತೆಗೆದು ನೋಡಿದೆ."

"ಎರಡನೇ ಸಲ?"

"ಪೈಪು ಗಾಳಿ ಎಳೀತಿದೆ ಅಂತ ಹೊಸ ಪೈಪು ಹಾಕಿದೆ. ಓಡ್ತು."

"ಅದಕ್ಕೂ ಮುಂಚೆ?"

ಗ್ರೀಸಣ್ಣ ತಲೆ ಕೆರೆದುಕೊಂಡ. "ಮುಚ್ಚಳ ತೆಗೆದೆ."

"ಮೂರನೇ ಸಲ, ದೊಡ್ಡ ಗ್ಯಾರೇಜಿನವರು?"

"ಅವರೂ ಮೊದಲು ಮುಚ್ಚಳಾನೇ — ಅಯ್ಯಯ್ಯೋ!"

"ಕಳ್ಳತನ ಆದ ಮನೆಗೆ ನುಗ್ಗಿ ಹೆಜ್ಜೆಗುರುತು ಒರೆಸಿಹಾಕೋ ಪೊಲೀಸರು ನೀವೆಲ್ಲ! ಸಾರ್, ಇಲ್ಲಿ ಬನ್ನಿ. ಭಾವ, ನೀವೂ ಬನ್ನಿ. ಸಾಕ್ಷಿ ಬೇಕು ನನಗೆ."

ಬಾನೆಟ್ ಎತ್ತಿದಳು. ಡೀಸೆಲ್ ಪೈಪಿನ ನಡುವೆ, ಕೈಯಿಂದ ಹಿಂಡಿ ಡೀಸೆಲ್ ಎಳೆಯುವ ರಬ್ಬರ್ ಉಂಡೆ. ಗ್ರೀಸಣ್ಣ ಹಿಂಡಿದ. ಉಂಡೆ ಚಪ್ಪಟೆಯಾಯಿತು. ಬಿಟ್ಟ. ಮೇಲೇಳಲೇ ಇಲ್ಲ.

"ಟ್ಯಾಂಕು ಬೆಳಿಗ್ಗೆ ತಾನೇ ಬಾಯಿಮಟ್ಟ ತುಂಬಿಸಿದ್ದೀನಿ. ಮತ್ತೆ ಡೀಸೆಲ್ ಯಾಕೆ ಬರ್ತಿಲ್ಲ? ಹಿಂದಿನಿಂದ ಹಿಡ್ಕೊಂಡಿರೋದು ಯಾರು?"

ಅವಳು ಮುಚ್ಚಳದ ಬಳಿ ಹೋಗಿ ಮೆಲ್ಲಗೆ ತಿರುಗಿಸಿದಳು.

ಸುಯ್ಯ್‌ — ಎಂದು ಗಾಳಿ ಒಳಗೆ ನುಗ್ಗಿತು.

"ಬಂತು! ಉಂಡೆ ತುಂಬ್ಕೊಂತು!" ಗ್ರೀಸಣ್ಣ ಮುಂದಿನಿಂದ ಕೂಗಿದ.

"ಕೇಳಿಸ್ತಾ ಸಾರ್? ಡೀಸೆಲ್ ಖರ್ಚಾದಷ್ಟು ಗಾಳಿ ಒಳಗೆ ಹೋಗಬೇಕು. ಹೋಗದಿದ್ರೆ ಟ್ಯಾಂಕು ಡೀಸೆಲ್ಲನ್ನ ಹಿಡಿದು ಎಳೀತಾ ಇರುತ್ತೆ, ಪಂಪಿನ ಶಕ್ತಿ ಸಾಲಲ್ಲ. ಕಲಿಸೋ ದಿನ ಟ್ಯಾಂಕು ಅರ್ಧ ಖಾಲಿ, ಒಳಗೆ ಬೇಕಾದಷ್ಟು ಗಾಳಿ ಇರುತ್ತೆ, ಗೊತ್ತಾಗಲ್ಲ. ಪರೀಕ್ಷೆ ದಿನ ಮಾತ್ರ ಬಾಯಿಮಟ್ಟ ತುಂಬಿಸಬೇಕು ಅನ್ನೋದು ನಮ್ಮ ಭಾವನ ಕಟ್ಟಪ್ಪಣೆ. ಗಾಳಿಗೆ ಜಾಗವೇ ಇಲ್ಲ. ಸಾಲಿನಲ್ಲಿ ಕಾದು ಎಂಟರ ಹತ್ತಿರ ಬರೋ ಹೊತ್ತಿಗೆ ಗಾಡಿಗೆ ಉಸಿರು ಕಟ್ಟುತ್ತೆ."

ಮುಚ್ಚಳ ತಿರುಗಿಸಿ ತೋರಿಸಿದಳು. ಗಾಳಿಯಾಡಲು ಇದ್ದ ಸಣ್ಣ ತೂತಿನ ಮೇಲೆ ಗಟ್ಟಿಯಾದ ಅಂಟು.

ಭಾವನ ಮುಖ ಇಳಿಯಿತು. "ಯಾವನೋ ಕಿಡಿಗೇಡಿ... ಅಥವಾ ನಿನ್ನ ಶಿಷ್ಯೆಯರೇ ಯಾರೋ—"

"ಅವರ ಸುದ್ದಿಗೆ ಬರಬೇಡಿ!" ಅವಳ ದನಿಗೆ ಬೇಲಿಯಾಚೆ ಸರದಿ ಕಾಯುತ್ತಿದ್ದ ಇನ್ನಿಬ್ಬರು ಶಿಷ್ಯೆಯರೂ ತಿರುಗಿದರು. "ಎಲ್ಲರೂ ಎಂಜಿನ್ ನೋಡಿದ್ರು, ಅಕ್ಷರ ಯಾರೂ ನೋಡ್ಲಿಲ್ಲ. ತುಂಬಿದ ಟ್ಯಾಂಕಿನ ಗಾಡಿ ಎಂಟು ಸುತ್ತಿದ್ರೆ ಈ ತೂತಿನಿಂದ ಡೀಸೆಲ್ ಚೆಲ್ಲುತ್ತೆ. ಹನ್ನೊಂದು ವರ್ಷ ಚೆಲ್ಲಿದೆ, ನಾನೇ ಒರೆಸಿದ್ದೀನಿ. ಎರಡು ತಿಂಗಳಿಂದ ಒಂದು ತೊಟ್ಟಿಲ್ಲ. ಎರಡು ತಿಂಗಳ ಹಿಂದೆ ಏನಾಯ್ತು? ಇಲ್ಲಿ ಹೆಸರು ಬರೆಸಿದ್ರಿ. ಅದರ ಮೇಲೆ ಡೀಸೆಲ್ ಇಳಿದ್ರೆ ಕರುಳು ಕಿತ್ತು ಬರೋದು ಯಾರಿಗೆ ಭಾವ?"

ಭಾವ ನೆಲ ನೋಡಿದ.

"ಬಣ್ಣ ಹಾಳಾಗುತ್ತಲ್ಲ ಅಂತ... ಒಂದು ಚೂರು ಅಂಟು ಹಚ್ಚಿದೆ. ಇಷ್ಟೆಲ್ಲ ಆಗುತ್ತೆ ಅಂತ ಗೊತ್ತಿರ್ಲಿಲ್ಲ ಕಣಮ್ಮಾ."

"ಗೊತ್ತಿಲ್ಲದ್ದು ತಪ್ಪಲ್ಲ. ಗೊತ್ತಿಲ್ಲದೆ ಇವರ ಮೇಲೆ ಹೊರಿಸಿದ್ರಲ್ಲ, ಅದು ತಪ್ಪು. ಇವರ ಮುಂದೆ ಹೇಳಿ. ಬ್ಯಾಚ್ ಇರುತ್ತೋ, ಇಲ್ವೋ?"

"ಇರುತ್ತೆ."

"ಸಾರ್‌ಗೆ ಕೇಳಿಸ್ಲಿಲ್ಲ."

"ಇರುತ್ತೆ! ತಪ್ಪು ನಂದು!"

ದರ್ಜಿ ರವಿಕೆಗೆ ಚುಚ್ಚಿಕೊಂಡಿದ್ದ ಸೂಜಿ ಕಿತ್ತು ಕೊಟ್ಟಳು. ಗ್ರೀಸಣ್ಣ ಅಂಟು ಕೆರೆದು ತೂತು ಬಿಡಿಸಿದ. ಗಾಡಿ ಎರಡು ಸಲ ಕೆಮ್ಮಿ ಚಾಲೂ ಆಯಿತು. ದರ್ಜಿ ಎಂಟನ್ನು ಎಲ್ಲೂ ನಿಲ್ಲದೆ ಸುತ್ತಿ ಬಂದಳು.

"ಪಾಸು," ಅಂದ ಪರೀಕ್ಷಾಧಿಕಾರಿ, ಊಟದ ಡಬ್ಬಿ ಕೈಗೆತ್ತಿಕೊಳ್ಳುತ್ತಾ. "ಸಾಕಮ್ಮಾ, ಆಫ್ ಮಾಡಿ."

"ಇನ್ನೂ ಇಬ್ಬರಿದ್ದಾರೆ ಸಾರ್," ಅಂದಳು ಟೀಚರಮ್ಮ. "ಆಫ್ ಮಾಡಲ್ಲ."