ಅಪ್ಪ ತರಕಾರಿ ಮಾರುತ್ತಾರೆ

"ನಿಮ್ಮಪ್ಪ ಏನ್ ಕೆಲಸ ಮಾಡ್ತಾರೆ, ಪುಟ್ಟಿ?" ನರ್ಸಕ್ಕ ಕೇಳಿದರು.

ಚೂಟಿ ಅಮ್ಮನ ಮುಖ ನೋಡಿದಳು. ಅಮ್ಮ ಗೋಡೆ ನೋಡುತ್ತಿದ್ದಳು.

"ತರಕಾರಿ ಮಾರ್ತಾರೆ," ಎಂದಳು ಚೂಟಿ. ಹಿಂದಿನ ಸಂಜೆ ಅಪ್ಪನೇ ಕೂರಿಸಿಕೊಂಡು ಬಾಯಿಪಾಠ ಮಾಡಿಸಿದ್ದ. "ಗಾಡಿ ತಳ್ಕೊಂಡು ಹೋಗ್ತಾರೆ. ತುಂಬಾ ದೂರ ಹೋಗ್ತಾರೆ."

'ತುಂಬಾ ದೂರ' ಬಾಯಿಪಾಠದಲ್ಲಿ ಇರಲಿಲ್ಲ. ಸುಳ್ಳಿಗೊಂದು ಬಾಲ ಇದ್ದರೆ ಚೆಂದ ಅನ್ನಿಸಿ ಅವಳೇ ಅಂಟಿಸಿದ್ದಳು.

ನರ್ಸಕ್ಕನ ಜೊತೆ ಒಬ್ಬ ಅಣ್ಣ ಬಂದಿದ್ದ. ಅವನ ಕೈಯಲ್ಲಿ ದೊಡ್ಡ ಟಾರ್ಚಿನಂಥ ಯಂತ್ರ. ಅದನ್ನು ಗೋಡೆಗೆ ಒತ್ತಿ ಹಿಡಿದ. ಕಿಟಕಿಯ ಬಣ್ಣಕ್ಕೆ ಹಿಡಿದ. ನಲ್ಲಿಗೆ, ಪಾತ್ರೆಗಳಿಗೆ, ಚೂಟಿಯ ಕ್ರೇಯಾನ್ ಡಬ್ಬಿಗೆ, ತಮ್ಮ ಗುಂಡನ ಆಟದ ಲಾರಿಗೂ ಹಿಡಿದ.

"ಏನೂ ಸಿಗ್ತಿಲ್ಲ ಮೇಡಂ," ಎಂದ.

"ಎಲ್ಲಿಂದಲೋ ಬರ್ತಿರಲೇಬೇಕಲ್ಲ," ಎಂದರು ನರ್ಸಕ್ಕ. "ಇವಳ ರಕ್ತದಲ್ಲಿ ಇಷ್ಟು ಸೀಸ ಇದೆ. ಸೀಸ ಆಕಾಶದಿಂದ ಉದುರುತ್ತಾ?"

ಬೆಳಗಿನಿಂದ ಅಮ್ಮ ಮನೆಯನ್ನು ಮೂಲೆ ಮೂಲೆ ಬಿಡದೆ ತೊಳೆದಿದ್ದಳು. ನೆಲ ಇನ್ನೂ ಒದ್ದೆಯಾಗಿತ್ತು.

ಇದೆಲ್ಲ ಶುರುವಾಗಿದ್ದು ಸ್ಕೂಲಿನಲ್ಲಿ. ದೇಶದ ಜನರ ಮೈಯೊಳಗೆ ಯಾವ ಕೆಮಿಕಲ್ ಎಷ್ಟು ಸೇರಿದೆ ಎಂದು ಸರ್ಕಾರ ಆಗಾಗ ಅಳೆದು ನೋಡುತ್ತದಂತೆ. ಎಲ್ಲರನ್ನೂ ಅಳೆಯಲು ಆಗುತ್ತದೆಯೇ? ಕಂಪ್ಯೂಟರ್ ಅಲ್ಲೊಬ್ಬರ ಇಲ್ಲೊಬ್ಬರ ಹೆಸರು ಎತ್ತುತ್ತದಂತೆ. ಅವರ ಸ್ಕೂಲಿನಲ್ಲಿ ಎತ್ತಿದ್ದು ಚೂಟಿಯ ಹೆಸರು.

"ಅನ್ನ ಬೆಂದಿದೆಯಾ ನೋಡೋಕೆ ಒಂದು ಅಗುಳು ಹಿಸುಕ್ತೀವಲ್ಲ, ಹಾಗೆ," ಎಂದು ಟೀಚರ್ ಹೇಳಿದ್ದರು.

"ಹಾಗಾದ್ರೆ ನೀನು ಅಗುಳು," ಎಂದಿದ್ದಳು ಜುಟ್ಟಿ. ನೆತ್ತಿಯ ಮೇಲೆ ಜುಟ್ಟು ಕಟ್ಟುವ ಈ ಜುಟ್ಟಿ ಚೂಟಿಯ ಪಕ್ಕದ ಮನೆಯವಳು, ಬೆಂಚೂ ಒಂದೇ. ಚೂಟಿ ವ್ಯಾನಿನೊಳಗೆ ಹೋಗಿ ರಕ್ತ ಕೊಟ್ಟು, ಪುಟ್ಟ ಡಬ್ಬಿಯಲ್ಲಿ ಇನ್ನೊಂದನ್ನೂ ಕೊಟ್ಟು ಬಂದಾಗ ಜುಟ್ಟಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. "ಉಚ್ಚೆನಾ? ಸರ್ಕಾರಕ್ಕಾ? ಕೇಳಿ ಇಸ್ಕೊಂಡ್ರಾ?"

ಚೂಟಿಗೆ ಆಗ ಹೆಮ್ಮೆಯೇ ಆಗಿತ್ತು. ಸೀಸದ ವಿಷಯ ಬಂದ ಮೇಲೆ ಹೆಮ್ಮೆ ಹೋಯಿತು.

ಅಪ್ಪನ ಕೆಲಸ ಬ್ಯಾಟರಿ ಶೆಡ್ಡಿನಲ್ಲಿ. ಹಳೆಯ ಬ್ಯಾಟರಿ ಒಡೆಯುವುದು, ಒಳಗಿನ ಸೀಸ ತೆಗೆದು ಕರಗಿಸುವುದು. ಜುಟ್ಟಿಯ ಅಪ್ಪನೂ ಅಲ್ಲೇ. ಬೀದಿಯ ಅರ್ಧ ಅಪ್ಪಂದಿರು ಅಲ್ಲೇ. ರಕ್ತ ಅಳೆಯುವ ಈ ಸರ್ವೆಯ ಸುದ್ದಿ ಕೇಳಿದ ದಿನವೇ ಶೆಡ್ಡಿನ ಯಜಮಾನ ಎಲ್ಲರನ್ನೂ ಕರೆದು ಹೇಳಿದ್ದನಂತೆ: "ಬ್ಯಾಟರಿ ಅನ್ನೋ ಮಾತು ಯಾರ ಬಾಯಿಂದಾದ್ರೂ ಬಂದ್ರೆ ನನ್ನ ಶೆಡ್ಡಿಗೆ ಬೀಗ. ಆಮೇಲೆ ನಿಮ್ಮ ಒಲೆಗೂ ಬೀಗ."

ಮೊದಲೆಲ್ಲ ಅಪ್ಪ ಕೆಲಸದ ಬಟ್ಟೆಯನ್ನು ಹಿತ್ತಲಿನ ಬಚ್ಚಲ ಹೊರಗೇ ಬಿಚ್ಚಿ ಮೊಳೆಗೆ ನೇತು ಹಾಕುತ್ತಿದ್ದ. ಈಗ ಹಾಗೆ ಮಾಡುವಂತಿರಲಿಲ್ಲ. ಸರ್ವೆಯವರು ಯಾವಾಗ ಬಂದು ಇಣುಕುತ್ತಾರೋ ಯಾರಿಗೆ ಗೊತ್ತು? ಅಮ್ಮ ಆ ಬೂದು ಬಟ್ಟೆಯನ್ನು ಒಂದು ಗಂಟು ಮಾಡಿ ಒಳಗಿನ ಮಂಚದ ಕೆಳಗೆ ತಳ್ಳುತ್ತಿದ್ದಳು. ಬೆಳಿಗ್ಗೆ ಅಪ್ಪ ಎಳೆದು ಹಾಕಿಕೊಂಡು ಹೋಗುವನು, ಸಂಜೆ ಗಂಟು ಮತ್ತೆ ಮಂಚದ ಕೆಳಗೆ.

ನರ್ಸಕ್ಕ ಹೋಗುವಾಗ ಕ್ರೇಯಾನ್ ಡಬ್ಬಿಯನ್ನು ಇನ್ನೊಮ್ಮೆ ಪರೀಕ್ಷಿಸಲು ಒಯ್ದರು. ಗುಂಡನ ಲಾರಿಯ ಬಣ್ಣ ಸುಲಿಯುತ್ತಿದೆ, ಬೇಡ ಎಂದರು. ಅಮ್ಮ ಅದನ್ನು ತಿಪ್ಪೆಗೆ ಹಾಕಿ ಬಂದಳು. ಗುಂಡ ಬಾಗಿಲ ಹತ್ತಿರ ಕೂತು ಬಿಕ್ಕಿ ಬಿಕ್ಕಿ ಅತ್ತ. ಅವನಿಗಿನ್ನೂ ಸರಿಯಾಗಿ ಮಾತು ಬರುತ್ತಿರಲಿಲ್ಲ. "ಲಾಲಿ, ಲಾಲಿ" ಎನ್ನುವುದು ಮಾತ್ರ.

ಲಾರಿಯ ಬಣ್ಣದಲ್ಲಿ ಏನೂ ಇಲ್ಲ ಎಂದು ಮನೆಯಲ್ಲಿ ಮೂವರಿಗೆ ಗೊತ್ತಿತ್ತು.

ಕೆಲವು ವಾರ ಬಿಟ್ಟು ಚೂಟಿಯ ರಕ್ತ ಮತ್ತೆ ತೆಗೆದರು. ಆಮೇಲೆ ಫೋನ್ ಮಾಡಿ, ಅಪ್ಪನೂ ಮನೆಯಲ್ಲಿರಲಿ ಎಂದು ಹೇಳಿ ನರ್ಸಕ್ಕ ಯಂತ್ರದ ಅಣ್ಣನ ಜೊತೆ ಬಂದರು. ಅಪ್ಪ ಇಸ್ತ್ರಿ ಮಾಡಿದ ಶರ್ಟು ಹಾಕಿ, ತಲೆ ಬಾಚಿ, ಮದುವೆ ಮನೆಯ ನೆಂಟನ ಹಾಗೆ ಕುರ್ಚಿಯ ತುದಿಯಲ್ಲಿ ಕೂತಿದ್ದ.

"ಕಡಿಮೆ ಆಗಿಲ್ಲ," ಎಂದರು ನರ್ಸಕ್ಕ. "ಜಾಸ್ತಿ ಆಗಿದೆ."

ನರ್ಸಕ್ಕ ಅಪ್ಪನ ಕಡೆ ತಿರುಗಿದರು. "ತರಕಾರಿ ಮಾರ್ತೀರಂತೆ. ಈಗ ಯಾವ ಸೊಪ್ಪು ಚೆನ್ನಾಗಿ ಬರ್ತಿದೆ?"

"ಸೊಪ್ಪಾ..." ಅಪ್ಪ ಬೆವರು ಒರೆಸಿಕೊಂಡ. "ಎಲ್ಲಾ ಸೊಪ್ಪೂ ಹಸಿರಾಗಿದೆ ಮೇಡಂ."

ಬೇರೆ ದಿನವಾಗಿದ್ದರೆ ಚೂಟಿ ನಗುತ್ತಿದ್ದಳು.

"ಅಕ್ಕಾ, ಗುಂಡನ ರಕ್ತಾನೂ ನೋಡ್ತೀರಾ?" ಅವಳು ಕೇಳಿದಳು.

"ಅವನ ಹೆಸರು ನಮ್ಮ ಲಿಸ್ಟಲ್ಲಿ ಬಂದಿಲ್ವಲ್ಲ ಪುಟ್ಟಿ. ಸೀಸ ಎಲ್ಲಿಂದ ಬರ್ತಿದೆ ಅಂತ ಗೊತ್ತಾದ್ರೆ ಎಲ್ಲರನ್ನೂ ನೋಡಬಹುದು. ಚಿಕ್ಕ ಮಕ್ಕಳಿಗೆ ಅದು ಬೇಗ ಹತ್ತುತ್ತೆ. ಮಾತು, ನೆನಪು ಎಲ್ಲಾ ಹಿಂದೆ ಬೀಳುತ್ತೆ." ನರ್ಸಕ್ಕ ಸುತ್ತ ನೋಡಿದರು. "ಎಲ್ಲಿ ನಿನ್ನ ತಮ್ಮ?"

ಚೂಟಿ ಒಳಗೆ ಹೋದಳು. ಚಾಪೆಯ ಮೇಲೆ ಗುಂಡ ಇರಲಿಲ್ಲ. ಬಗ್ಗಿ ಮಂಚದ ಕೆಳಗೆ ನೋಡಿದಳು.

ಅವನು ಅಲ್ಲಿದ್ದ. ಗಂಟನ್ನು ಬಿಚ್ಚಿ, ಅದರ ಮೇಲೆ ತಲೆಯಿಟ್ಟು ಮಲಗಿದ್ದ. ಅಪ್ಪನ ಶರ್ಟಿನ ತೋಳು ಅವನ ಬಾಯಲ್ಲಿತ್ತು. ಅದನ್ನು ಚೀಪುತ್ತಾ ಚೀಪುತ್ತಾ ನಿದ್ದೆ ಹೋಗಿದ್ದ. ಬಟ್ಟೆಯಲ್ಲಿ ಒಂದೇ ಜಾಗ ನೆನೆದು ನೆನೆದು ಬಿಳಿಯಾಗಿತ್ತು. ಇವತ್ತು ಮೊದಲ ಸಲ ಅಲ್ಲ.

ಚೂಟಿಗೆ ಅರ್ಥವಾಯಿತು. ಹಗಲೆಲ್ಲ ಅಪ್ಪ ಮನೆಯಲ್ಲಿರುತ್ತಿರಲಿಲ್ಲ, ಸಂಜೆ ಸ್ನಾನ ಮಾಡಿದ ಮೇಲೆ ಅವನ ಮೈಯಲ್ಲಿ ಬರೀ ಸೋಪಿನ ವಾಸನೆ. ಗುಂಡನಿಗೆ ಅಪ್ಪನ ವಾಸನೆ ಸಿಗುತ್ತಿದ್ದುದು ಇಲ್ಲಿ.

ಮೆಲ್ಲಗೆ ತೋಳನ್ನು ಅವನ ಬಾಯಿಂದ ಬಿಡಿಸಿದಳು. ತುಟಿಯ ಸುತ್ತ ಬೂದು ಗೆರೆ.

ಹೊರಗೆ ನರ್ಸಕ್ಕ ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಚೂಟಿ ಗಂಟನ್ನು ದರದರ ಎಳೆದುಕೊಂಡು ನಡುಮನೆಗೆ ಬಂದಳು. ಅಪ್ಪ ಕಣ್ಣಲ್ಲೇ ಬೇಡ ಎಂದ. ಅವಳು ಕಂಡೂ ನಿಲ್ಲಲಿಲ್ಲ.

"ಅಪ್ಪ ತರಕಾರಿ ಮಾರಲ್ಲ," ಎಂದಳು. "ಬ್ಯಾಟರಿ ಒಡೀತಾರೆ. ಗುಂಡ ಇದನ್ನ ಚೀಪ್ತಾನೆ."

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಣ್ಣ ಯಂತ್ರವನ್ನು ಬಟ್ಟೆಗೆ ಹಿಡಿದ. ನಂಬರ್ ನೋಡಿ, ನರ್ಸಕ್ಕನಿಗೆ ತೋರಿಸಿದ.

ಒಳಗೆ ಗುಂಡ ಎದ್ದು ಅಳತೊಡಗಿದ. ಅಪ್ಪ ಓಡಿ ಹೋಗಿ ಎತ್ತಿಕೊಳ್ಳಲು ಬಗ್ಗಿದ. ಬಗ್ಗಿದವನು ತನ್ನ ಕೈಗಳನ್ನು ನೋಡಿಕೊಂಡ. ಹಾಗೇ ಹಿಂದಕ್ಕೆ ಸರಿದು, "ನೀನೇ ಎತ್ಕೋಳೇ," ಎಂದು ಅಮ್ಮನಿಗೆ ಹೇಳಿದ.

ಶೆಡ್ಡಿಗೆ ಬೀಗ ಬಿತ್ತು. ಯಜಮಾನ ರಾತ್ರೋರಾತ್ರಿ ಊರು ಬಿಟ್ಟ. ಅಪ್ಪಂದಿರೆಲ್ಲ ಬೆಳಗಾದರೆ ಕೆಲಸ ಹುಡುಕಿಕೊಂಡು ಹೋಗುವರು, ಮಧ್ಯಾಹ್ನಕ್ಕೇ ವಾಪಸ್ ಬಂದು ಜಗಲಿಯ ಮೇಲೆ ಕೂರುವರು. ಚೂಟಿಯ ಅಪ್ಪ ಕೂತರೆ ಉಳಿದವರು ಎದ್ದು ಹೋಗುವರು.

ಸ್ಕೂಲಿನಲ್ಲಿ ಜುಟ್ಟಿ ಬೇರೆ ಬೆಂಚಿಗೆ ಹೋದಳು.

"ಅಗುಳಂತೆ, ಅಗುಳು," ಎಂದಳು. "ಇಡೀ ಪಾತ್ರೆನೇ ಮಗುಚಿಬಿಟ್ಟೆ."

ಜುಟ್ಟಿ ಹೇಳಿದ್ದು ಸುಳ್ಳಾಗಿರಲಿಲ್ಲ.

ವ್ಯಾನು ಈಗ ಬೀದಿಗೇ ಬಂತು. ಇನ್ನು ಹೆಸರು ಎತ್ತುವ ಕೆಲಸವಿಲ್ಲ, ಎಲ್ಲ ಮಕ್ಕಳದೂ ರಕ್ತ ನೋಡಬೇಕು. ಮೊದಲು ನೋಡಿದ್ದು ಗುಂಡನದು. ಅವನ ನಂಬರ್ ಚೂಟಿಯದಕ್ಕಿಂತ ಬಹಳ ಮೇಲಿತ್ತು. ಅವನಿಗೆ ಔಷಧಿ ಶುರುವಾಯಿತು. ಮಾತು ಸರಿಯಾಗಿ ಬರುತ್ತಾ ಎಂದು ಅಮ್ಮ ಕೇಳಿದಳು. "ನೋಡೋಣಮ್ಮಾ," ಎಂದರು ನರ್ಸಕ್ಕ.

ಗುಂಡನನ್ನು ಔಷಧಿಗೆ ಕರೆದುಕೊಂಡು ಬಂದ ದಿನ ಸಾಲಿನಲ್ಲಿ ಜುಟ್ಟಿ ಇದ್ದಳು. ಅವಳ ಸರದಿ ಬಂತು. ಕುರ್ಚಿಯಲ್ಲಿ ಕೂತು ಕೈ ಚಾಚಿದಳು. ಕಣ್ಣು ಸೂಜಿಯ ಮೇಲೇ ನೆಟ್ಟಿತ್ತು.

ಚೂಟಿ ಗುಂಡನನ್ನು ಎತ್ತಿಕೊಂಡು ಕುರ್ಚಿಯ ಇನ್ನೊಂದು ಬದಿಗೆ ಬಂದಳು. "ಅದನ್ನ ನೋಡ್ಬೇಡ ಕಣೇ. ಈ ಕಡೆ ನೋಡು. ನೋವು ಅಷ್ಟು ಗೊತ್ತಾಗಲ್ಲ."

"ನಿನ್ನ ಹತ್ರ ಟೂ ಬಿಟ್ಟಿದೀನಿ."

"ಗೊತ್ತು."

ಈ ಕಡೆ ತಿರುಗಿದರೆ ಜುಟ್ಟಿಗೆ ಕಾಣುವುದು ಚೂಟಿಯ ಮುಖ. ಜುಟ್ಟಿ ತಿರುಗಲಿಲ್ಲ. ಹಲ್ಲು ಕಚ್ಚಿಕೊಂಡು, ಸೂಜಿ ಒಳಗೆ ಹೋಗುವವರೆಗೂ ಅದನ್ನೇ ನೋಡಿದಳು. ಕಣ್ಣಿಂದ ನೀರು ಇಳಿಯಿತು.

ಅವಳ ಜಾಗದಲ್ಲಿ ಕೂತಿದ್ದರೆ ತಾನೂ ಸೂಜಿಯನ್ನೇ ನೋಡುತ್ತಿದ್ದೆ ಎಂದು ಚೂಟಿಗೆ ಗೊತ್ತಾಯಿತು. ಗುಂಡನನ್ನು ಇನ್ನೊಂದು ಸೊಂಟಕ್ಕೆ ಹಾಕಿಕೊಂಡು, ಅವಳು ಅಲ್ಲೇ ನಿಂತಳು.