ದಾರ್ಕೊನ ಟ್ಯಾಕ್ಸಿಯ ಗಾಜು

ಹಗ್ಗ ಕಟ್ಟಿ ಎಳೆದು ತಂದ ಆ ಟ್ಯಾಕ್ಸಿಯನ್ನು ಕಂಡೊಡನೆ ಪೊಕುವಾಳ ಎದೆ ಧಸಕ್ಕೆಂದಿತು.

ಹಳದಿ ಮಡ್‌ಗಾರ್ಡು, ಬಾಗಿಲ ಸಂದಿಯಲ್ಲಿ ಒಣಗಿದ ಕೆಸರು, ಹೆಣ ತೆಗೆಯಲು ಒಡೆದ ಹಿಂದಿನ ಗಾಜು... ದಾರ್ಕೊ ಸತ್ತ ಕಾರು!

ಪಕ್ಕದಲ್ಲಿ ನಿಂತಿದ್ದವನು ಬಾಫೊ. ದಾರ್ಕೊನ ತಮ್ಮ. ಹೋದ ವರ್ಷ ಅವಳನ್ನು ಮದುವೆಯಾಗಬೇಕಿದ್ದವನು.

"ಇದನ್ನ ಯಾಕೆ ತಂದೆ?" ಪೊಕುವಾ ಕೇಳಿದಳು.

"ಗ್ಲಾಸ್ ಯಾಕೆ ಇಳೀಲಿಲ್ಲ ಅಂತ ನೋಡು."

"ನಾನೇ ನೋಡ್ಬೇಕಾ?"

"ನೀನೇ ನೋಡ್ಬೇಕು, ಪೊಕುವಾ. ಶನಿವಾರ ಅಣ್ಣನ ವರ್ಷದ ಕಾರ್ಯ. ಸೋಮವಾರ ಗುಜರಿಯವರು ಬಂದು ಎಳ್ಕೊಂಡು ಹೋಗ್ತಾರೆ. ಆಮೇಲೆ ಯಾರಿಗೂ ಏನೂ ಗೊತ್ತಾಗಲ್ಲ."

'ಅಂದರೆ ಇವನೂ ನನ್ನನ್ನೇ ಕೊಲೆಗಾತಿ ಅಂದುಕೊಂಡಿದ್ದಾನೆ...' ಅವಳಿಗೆ ಅನ್ನಿಸಿತು.

ಕುಮಾಸಿ ನಗರದ ಸುವಾಮೆ ಗ್ಯಾರೇಜು ಬೀದಿಗಳಲ್ಲಿ ಕಾರಿನ ವೈರಿಂಗ್ ಕೆಲಸ ಮಾಡುವ ಹೆಂಗಸರನ್ನು ಬೆರಳಲ್ಲಿ ಎಣಿಸಬಹುದು. ಅವರಲ್ಲಿ ಪೊಕುವಾಳಷ್ಟು ಚುರುಕು ಕೈ ಯಾರದ್ದೂ ಅಲ್ಲ. ದಾರ್ಕೊನ ಟ್ಯಾಕ್ಸಿಯ ಪವರ್ ವಿಂಡೋ ಕೆಟ್ಟಾಗ ಬಾಗಿಲೊಳಗೆ ತುಂಡಾಗಿದ್ದ ತಂತಿಯನ್ನು ಜೋಡಿಸಿಕೊಟ್ಟವಳು ಅವಳೇ. ಅದಾದ ನಾಲ್ಕನೆಯ ಬೆಳಿಗ್ಗೆ ಧೋ ಎಂದು ಸುರಿದ ಮಳೆಗೆ ಮೋರಿ ಉಕ್ಕಿ ಟ್ಯಾಕ್ಸಿಯನ್ನು ಕೊಚ್ಚಿಕೊಂಡು ಹೋಯಿತು. ನೀರಿನ ಒತ್ತಡಕ್ಕೆ ಬಾಗಿಲು ತೆರೆಯಲಿಲ್ಲ. ಗಾಜು ಇಳಿಯಲಿಲ್ಲ. ದಾರ್ಕೊನ ಬೆರಳು ಸ್ವಿಚ್ಚಿನ ಮೇಲೇ ಇತ್ತಂತೆ!

ಅಂದಿನಿಂದ ಅವಳ ಹತ್ತಿರ ಯಾರೂ ಕಾರು ತರಲಿಲ್ಲ. ಬಾಫೊ ಮದುವೆಯ ಮಾತು ನಿಲ್ಲಿಸಿದ. ಒಂದು ಫೋನೂ ಇಲ್ಲ. ದಾರ್ಕೊನ ಅಮ್ಮನಂತೂ ಚರ್ಚಿನ ಬಾಗಿಲಲ್ಲೇ ಅವಳಿಗೆ ಹಿಡಿಶಾಪ ಹಾಕಿದ್ದಳು.

"ಏ ಬಾಫೊ!" ಪಕ್ಕದ ವೆಲ್ಡರ್ ಅಡೂಸೆ ಕನ್ನಡಕ ಹಣೆಗೇರಿಸಿ ಕೂಗಿದ. "ಇವಳ ಕೈಗೆ ಕಾರು ಕೊಡ್ತೀಯಾ? ಮೊದ್ಲು ಈಜು ಕಲಿತ್ಕೋ ಮಾರಾಯ!"

ಬಾಫೊ ಅವನನ್ನು ಗದರಲಿಲ್ಲ. ತಲೆ ತಗ್ಗಿಸಿದ, ಅಷ್ಟೇ.

ಅದು ಅವಳಿಗೆ ಚುಚ್ಚಿತು.

"ಇದ್ರ ಬ್ಯಾಟರಿ ಸತ್ತಿದೆ. ಬೀದಿ ಕೊನೆಯಿಂದ ಒಂದು ಚಾರ್ಜ್ ಮಾಡಿದ ಬ್ಯಾಟರಿ ತಗೊಂಬಾ, ಹೋಗು," ಎಂದು ಅವನನ್ನು ಅಟ್ಟಿ ಪೊಕುವಾ ಕಾರಿನ ಬಾಗಿಲು ತೆರೆದಳು.

ಬಾಗಿಲಿಗೂ ಬಾಡಿಗೂ ನಡುವೆ ಒಂದು ರಬ್ಬರ್ ಕೊಳವೆ. ತಂತಿಗಳೆಲ್ಲ ಅದರೊಳಗೇ ಹಾದುಹೋಗುತ್ತವೆ. ಬಾಗಿಲು ತೆಗೆದು ಹಾಕಿ ಮಾಡುವಾಗ ಸವೆದು ತುಂಡಾಗುವುದೂ ಅಲ್ಲೇ. ರಬ್ಬರನ್ನು ಹಿಂದಕ್ಕೆ ಸರಿಸಿ, ತಾನು ಸುತ್ತಿದ್ದ ಟೇಪನ್ನು ಬಿಚ್ಚಿದಳು.

'ದೇವರೇ, ಜೋಡಣೆ ಬಿಟ್ಟುಹೋಗಿದ್ದರೆ ನನ್ನನ್ನು ಇಲ್ಲೇ ಕರೆದುಕೋ...'

ಜೋಡಣೆ ಗಟ್ಟಿಯಾಗಿತ್ತು! ಎಳೆದಳು. ಜಗ್ಗಿದಳು. ಒಂದೆಳೆಯೂ ಅಲುಗಲಿಲ್ಲ. ತಂತಿಯನ್ನು ಕೆನ್ನೆಗೊತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಒಂದು ವರ್ಷ ನಿದ್ದೆಗೆಟ್ಟವಳಿಗೆ ಅಳುವುದು ಬಿಟ್ಟು ಇನ್ನೇನು ತೋಚೀತು?

ಹಾಗಾದರೆ ಕರೆಂಟು ನಿಂತದ್ದೆಲ್ಲಿ? ಕಣ್ಣೊರೆಸಿಕೊಂಡು ಡ್ಯಾಶ್‌ಬೋರ್ಡಿನ ಕೆಳಗೆ ಬಾಗಿ ಫ್ಯೂಸ್ ಪೆಟ್ಟಿಗೆಯ ಮುಚ್ಚಳ ತೆಗೆದಳು.

ಪವರ್ ವಿಂಡೋದ ಜಾಗ ಖಾಲಿ! ಅಲ್ಲಿರಬೇಕಿದ್ದ ಹಸಿರು ಫ್ಯೂಸು ಹೆಡ್‌ಲೈಟಿನ ಜಾಗದಲ್ಲಿ ಕೂತಿತ್ತು.

ಅವಳಿಗೆ ಥಟ್ಟನೆ ನೆನಪಾಯಿತು. ಬೆಳಿಗ್ಗೆ ದಾರ್ಕೊ, ಮಧ್ಯಾಹ್ನದ ಮೇಲೆ ಬಾಫೊ, ಹೀಗೆ ಅಣ್ಣತಮ್ಮಂದಿರು ಒಂದೇ ಟ್ಯಾಕ್ಸಿ ಓಡಿಸುತ್ತಿದ್ದರು. ಸಾವಿನ ಹಿಂದಿನ ಸಂಜೆ ಬಾಫೊ ಫೋನಿನಲ್ಲಿ ನಕ್ಕಿದ್ದ. 'ಹೆಡ್‌ಲೈಟ್ ಫ್ಯೂಸ್ ಹೋಯ್ತು ಕಣೇ, ಹೇಗೋ ಹೊಂದಿಸ್ಕೊಂಡೆ!'

ಒಂದು ಜಾಗದ ಫ್ಯೂಸು ಕಿತ್ತು ಇನ್ನೊಂದಕ್ಕೆ ಚುಚ್ಚುವುದು ಇಲ್ಲಿನ ಡ್ರೈವರುಗಳಿಗೆಲ್ಲ ನೀರು ಕುಡಿದಷ್ಟು ಸಲೀಸು. ಬೆಳಿಗ್ಗೆ ಮಳೆಯಲ್ಲೇ ಹೊರಟ ದಾರ್ಕೊ ಗಾಜು ಇಳಿಸುವ ಗೋಜಿಗೇ ಹೋಗಿರಲಿಕ್ಕಿಲ್ಲ.

ಬಾಫೊ... ನೀನಾ?

ಈ ಸತ್ಯ ಗೊತ್ತಾದರೆ ಅವನು ಬದುಕುತ್ತಾನೆಯೇ? ತನಗಾದರೂ ಬೈಗುಳ ತಿಂದು ತಿಂದು ಅಭ್ಯಾಸವಾಗಿದೆ. ಅಷ್ಟು ಯೋಚಿಸಿದವಳೇ ಹಸಿರು ಫ್ಯೂಸನ್ನು ಅದರ ಜಾಗಕ್ಕೆ ಒತ್ತಿದಳು. ಕಟಿಂಗ್ ಪ್ಲೈಯರ್ ತೆಗೆದು ತನ್ನ ಜೋಡಣೆಯನ್ನು ತಾನೇ ಕತ್ತರಿಸಿಬಿಟ್ಟಳು!

ಬಾಫೊ ಬ್ಯಾಟರಿ ಹೊತ್ತು ಬಂದ.

"ಬೇಕಾಗಿಲ್ಲ, ಇಳಿಸು. ನಂದೇ ತಪ್ಪು. ಜೋಡಣೆ ಬಿಟ್ಟಿದೆ, ನೋಡು."

ಅವನು ಮಂಡಿಯೂರಿ ತಂತಿಯನ್ನು ಬೆಳಕಿಗೆ ಹಿಡಿದ. ಬಹಳ ಹೊತ್ತು ನೋಡಿದ.

"ವರ್ಷದ ಹಿಂದೆ ಬಿಟ್ಟ ತಾಮ್ರ ಹಸಿರಾಗಿರುತ್ತೆ, ಪೊಕುವಾ. ಇದು ಈಗ ತಾನೇ ಕತ್ತರಿಸಿದ್ದು." ಅವನು ತಂತಿಯನ್ನು ಕೈಬಿಟ್ಟ. "ಫ್ಯೂಸ್... ಹೆಡ್‌ಲೈಟಲ್ಲಿ ಇತ್ತಲ್ವಾ?"

ಅವಳು ಬೆಚ್ಚಿದಳು. "ನಿಂಗೆ ಗೊತ್ತಿತ್ತಾ?"

"ವಾಪಸ್ ಹಾಕಿದ್ನೋ ಇಲ್ವೋ ನೆನಪಿರ್ಲಿಲ್ಲ. ಕಾರು ಅಮ್ಮನ ಅಂಗಳದಲ್ಲೇ ಇತ್ತು. ಮುಚ್ಚಳ ತೆಗೆಯೋಕೆ ಧೈರ್ಯ ಬರ್ಲಿಲ್ಲ. ನಿನ್ನ ಮುಖ ನೋಡೋಕೂ..."

ಪೊಕುವಾಳ ಮೈಯೆಲ್ಲ ಉರಿಯಿತು. ಎರಡೂ ಕೈಯಿಂದ ಅವನ ಎದೆಗೆ ಗುದ್ದಿದಳು.

"ಒಂದು ನಿಮಿಷದ ಕೆಲ್ಸ ಕಣೋ! ಒಂದೇ ನಿಮಿಷ! ವರ್ಷಪೂರ್ತಿ ನಾನು ಕೊಲೆಗಾತಿಯಾಗಿ ಬದುಕಿದೆ. ನೀನು ತಲೆ ತಗ್ಗಿಸ್ಕೊಂಡು ನಿಂತಿದ್ದೆ!"

"ಹೊಡಿ, ಇನ್ನೂ ಹೊಡಿ. ಸೋಮವಾರ ಕಳೆದಿದ್ರೆ ಬಚಾವಾಗ್ತಿದ್ದೆ. ಆದ್ರೆ ನಿನ್ನ ಮೇಲೆ ಹೊರಿಸಿ ಬದುಕೋಕಾಗ್ಲಿಲ್ಲ. ಬಾಯಿಂದ ಹೇಳೋ ಯೋಗ್ಯತೆ ಇರ್ಲಿಲ್ಲ, ಕಾರು ತಂದೆ."

ಅವಳು ಕೈ ಒರೆಸಿಕೊಂಡಳು. "ನಡಿ. ಅಮ್ಮನ ಹತ್ರ. ಈಗಲೇ."

ದಾರ್ಕೊನ ಅಮ್ಮ ಅಂಗಳದಲ್ಲಿ ಶನಿವಾರದ ಕಪ್ಪು ಬಟ್ಟೆಗಳನ್ನು ಮಡಿಸುತ್ತಿದ್ದಳು. ಬಾಫೊ ಅವಳ ಕಾಲ ಬಳಿ ಕುಳಿತು ಎಲ್ಲವನ್ನೂ ಹೇಳಿದ. ಒಂದನ್ನೂ ಬಚ್ಚಿಡಲಿಲ್ಲ.

ಮುದುಕಿ ಮಗನತ್ತ ತಿರುಗಲಿಲ್ಲ. ಪೊಕುವಾಳ ಗಲ್ಲ ಹಿಡಿದಳು. "ಈ ಹಾಳು ಬಾಯಿಂದ ನಿನ್ನ ಎಷ್ಟು ಶಪಿಸಿಬಿಟ್ಟೆ, ಮಗಳೇ..." ಒಳಗೆ ಹೋಗಿ ಅಗುಳಿ ಹಾಕಿಕೊಂಡಳು. ಆಮೇಲೆ ಒಳಗಿನಿಂದ ಅವಳ ಗೋಳು ಕೇಳಿಸಿತು. ಎರಡು ಸಲ ಮಗ ಸತ್ತ ತಾಯಿಯ ಗೋಳು ಅದು.

ಬಾಫೊ ಮೆಟ್ಟಿಲ ಮೇಲೆ ಕುಸಿದು ಕುಳಿತ. "ನಿನ್ನ ಹೆಸರು ಉಳೀತಲ್ಲ. ನೀನು ಹೋಗು, ಪೊಕುವಾ."

ಅವಳು ಹೋಗಲಿಲ್ಲ. ಅವನ ಪಕ್ಕದಲ್ಲೇ ಕುಳಿತಳು.

"ಕ್ಷಮಿಸಿದೀನಿ ಅಂದ್ಕೋಬೇಡ. ಅದಕ್ಕೆ ಇನ್ನೂ ತುಂಬಾ ದಿನ ಬೇಕು."

"ಗೊತ್ತು."

"ಆದ್ರೆ ಪ್ರೀತಿ ಹಾಳಾದ್ದು... ಎಲ್ಲೂ ಹೋಗಿಲ್ಲ ಕಣೋ."

ಅವನು ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡು ಅತ್ತ. ಅವಳು ಅವನ ಬೆನ್ನ ಮೇಲೆ ಕೈಯಿಟ್ಟಳು.

"ಅಮ್ಮ ಇವತ್ತು ಬಾಗಿಲು ತೆಗೀದೇ ಹೋದ್ರೆ?"

"ನಾಳೆ ಬರೋಣ."

"ನಾಳೇನೂ ತೆಗೀಲಿಲ್ಲ ಅಂದ್ರೆ, ಪೊಕುವಾ?"

"ನಾಡಿದ್ದೂ ಬರೋಣ. ನೀನೊಬ್ನೇ ಬಂದ್ಬಿಟ್ಟೀಯ ಮತ್ತೆ... ನನ್ನನ್ನ ಕರಿ."